ಕುಂದಲತೆಯ ಅವಿಶ್ವಾಸ ಮತ್ತು ಅರಸನ ದಂಡ

ದೇವರಿಲ್ಲವೆನ್ನುವವನನ್ನು ರಾಜ್ಯವು ದಂಡಿಸಬಹುದೇ? ಈ ಪ್ರಶ್ನೆ ಹಳೆಯದಾದರೂ ಹಳತಾಗಿಲ್ಲ. 2014ರಲ್ಲಿ ಸೌದಿ ಅರೇಬಿಯದ ಒಳಾಡಳಿತ ಸಚಿವಾಲಯ ಹೊರಡಿಸಿದ ನಿಯಮಗಳು ನಾಸ್ತಿಕ ವಿಚಾರದ ಪ್ರತಿಪಾದನೆಯನ್ನು ಭಯೋತ್ಪಾದನೆಯ ಸಾಲಿಗೆ ಸೇರಿಸಿದವು. 2017ರ ಕೊನೆಯಲ್ಲಿ ಈಜಿಪ್ಟಿನ ಸಂಸತ್ತಿನಲ್ಲಿ ಧಾರ್ಮಿಕ ಸಮಿತಿಯ ಮುಖ್ಯಸ್ಥರೇ ನಾಸ್ತಿಕತೆಯನ್ನು ಅಪರಾಧವೆಂದು ಸಾರುವ ಮಸೂದೆಯ ಪ್ರಸ್ತಾಪವನ್ನು ಮುಂದಿಟ್ಟರು. ಇದರ ಕನ್ನಡಿಬಿಂಬದಂತಹ ಇನ್ನೊಂದು ಪ್ರಯೋಗವೂ ಚರಿತ್ರೆಯಲ್ಲಿದೆ. 1967ರಲ್ಲಿ ಅಲ್ಬೇನಿಯ ದೇಶವು ಮಸೀದಿ, ಇಗರ್ಜಿಗಳಿಗೆಲ್ಲ ಬೀಗ ಜಡಿದು ತಾನು ನಾಸ್ತಿಕ ರಾಷ್ಟ್ರವೆಂದು ಘೋಷಿಸಿಕೊಂಡಿತು. ಒಂದು ಕಡೆ ನಂಬದವನು ಅಪರಾಧಿ, ಇನ್ನೊಂದು ಕಡೆ ನಂಬಿದವನು ಅಪರಾಧಿ. ಎರಡೂ ಕಡೆ ಪ್ರಜೆಯ ಅಂತರಂಗವನ್ನು ಆಳುವ ಅಧಿಕಾರ ತನಗಿದೆಯೆಂದು ಬಗೆದುದು ಸರ್ಕಾರವೇ.

ಈ ಪ್ರಶ್ನೆಯನ್ನು ಕನ್ನಡದ ಒಂದು ಹಳೆಯ ಕೃತಿಯ ಬೆಳಕಿನಲ್ಲಿ ನೋಡಬೇಕೆಂಬುದು ಈ ಲೇಖನದ ಉದ್ದೇಶ. ಕೃತಿ ಹುಟ್ಟಿದ್ದು ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ. ಕಲ್ಲಹಳ್ಳಿ ಎಂದೊಡನೆ ಇಂದಿನವರಿಗೆ ನೆನಪಾಗುವುದು ಡಿ. ದೇವರಾಜ ಅರಸರು, ಅದು ಸಹಜವೇ. ಆದರೆ ಅವರಿಗಿಂತ ನಾಲ್ಕೂವರೆ ಶತಮಾನಗಳ ಹಿಂದೆ ಇದೇ ಊರನ್ನು ಆಳುತ್ತಿದ್ದ ಪ್ರಭು ಮನೆತನದಲ್ಲಿ ಒಬ್ಬ ಕವಿ ಹುಟ್ಟಿದ. ಸಾಹಿತ್ಯಚರಿತ್ರೆಕಾರರು ಅವನನ್ನು ಮೂರನೆಯ ಮಂಗರಸನೆಂದು ಕರೆಯುತ್ತಾರೆ. ವಿಜಯಭೂಪಾಲನ ಮಗ, ಚೆಂಗಾಳ್ವರಿಗೆ ಸಚಿವರಾಗಿದ್ದವರ ವಂಶ, ಜೈನ. ‘ಜಯನೃಪ ಕಾವ್ಯ’, ‘ನೇಮಿಜಿನೇಶ ಸಂಗತಿ’, ‘ಶ್ರೀಪಾಲ ಚರಿತೆ’, ‘ಪ್ರಭಂಜನ ಚರಿತೆ’ಗಳನ್ನು ಬರೆದವನೂ ಅವನೇ, ಅಡುಗೆಯನ್ನು ಕುರಿತ ‘ಸೂಪಶಾಸ್ತ್ರ’ವನ್ನು ಬರೆದವನೂ ಅವನೇ. ವಿದ್ಯಾರ್ಥಿಗಳಿಗೆ ಈ ಕೊನೆಯ ಹೆಸರನ್ನು ಹೇಳಿದಾಗ ಮಾತ್ರ ತರಗತಿಯಲ್ಲಿ ಸ್ವಲ್ಪ ಚಲನೆ ಕಾಣುತ್ತದೆ! ನಮ್ಮ ವಿಷಯಕ್ಕೆ ಬೇಕಾದುದು 1508–09ರ ಸುಮಾರಿನ ‘ಸಮ್ಯಕ್ತ್ವ ಕೌಮುದಿ’.

‘ಸಮ್ಯಕ್ತ್ವ’ವೆಂದರೆ ಸರಿಯಾದ ಶ್ರದ್ಧೆ. ಜೈನ ಪರಿಭಾಷೆಯಲ್ಲಿ ರತ್ನತ್ರಯದ ಮೊದಲನೆಯದಾದ ಸಮ್ಯಗ್ದರ್ಶನ. ಒಬ್ಬೊಬ್ಬರಿಗೆ ಅದು ಹೇಗೆ ಲಭಿಸಿತೆಂಬುದನ್ನು ಹೇಳುವ ಕಥೆಗಳ ಮಾಲೆ ಇದು. ಸಂಸ್ಕೃತದಲ್ಲಿ ಮೊದಲೇ ಪ್ರಚಲಿತವಾಗಿದ್ದ ಕಥಾಚೌಕಟ್ಟನ್ನು ಮಂಗರಸನು ಷಟ್ಪದಿಗೆ ತಂದ. ಚೌಕಟ್ಟಿನ ಕಥೆ ಹೀಗಿದೆ. ಉತ್ತರ ಮಧುರೆಯ ಅರಸ ಉದಿತೋದಯ ಕೌಮುದೀ ಉತ್ಸವವನ್ನು ಸಾರುತ್ತಾನೆ. ಹೆಂಗಸರೆಲ್ಲ ಉದ್ಯಾನಕ್ಕೆ ಹೋಗಬೇಕು, ಗಂಡಸರು ಊರಲ್ಲೇ ಇರಬೇಕು, ಇದು ರಾಜಾಜ್ಞೆ. ಅದೇ ದಿನಗಳಲ್ಲಿ ನಂದೀಶ್ವರ ಪರ್ವ ಬಂದಿರುತ್ತದೆ. ಅರ್ಹದ್ದಾಸನೆಂಬ ಸೆಟ್ಟಿ ಅರಸನ ಬಳಿಗೆ ಹೋಗಿ, ತನ್ನ ಎಂಟು ಮಂದಿ ಹೆಂಡಿರೊಡನೆ ಪೂಜೆಯಲ್ಲಿ ತೊಡಗಲು ಅಪ್ಪಣೆ ಬೇಡುತ್ತಾನೆ. ಅರಸ ಕೊಡುತ್ತಾನೆ. ಎಲ್ಲರಿಗೂ ಅನ್ವಯಿಸುವ ಆಜ್ಞೆಯಿಂದ ಒಂದು ಮನೆಯನ್ನು ಅದರ ವ್ರತದ ಕಾರಣದಿಂದ ಬಿಟ್ಟುಕೊಟ್ಟ ಈ ಸಣ್ಣ ಪ್ರಸಂಗವನ್ನು ಓದುಗರು ಗಮನಿಸದೆ ದಾಟಿಬಿಡುವುದೇ ಹೆಚ್ಚು.

ರಾತ್ರಿ ಅರಸನೂ ಮಂತ್ರಿಯೂ ಮಾರುವೇಷದಲ್ಲಿ ನಗರ ಸುತ್ತುತ್ತ ಈ ಸೆಟ್ಟಿಯ ಮನೆಯ ಬಳಿಗೆ ಬರುತ್ತಾರೆ. ಒಬ್ಬ ಕಳ್ಳನೂ ಅಲ್ಲೇ ಅಡಗಿದ್ದಾನೆ. ಒಳಗೆ ಜಾಗರಣೆ. ಸೆಟ್ಟಿ ತನಗೆ ಸಮ್ಯಕ್ತ್ವ ದೊರೆತ ಬಗೆಯನ್ನು ಹೇಳುತ್ತಾನೆ. ಬಳಿಕ ಹೆಂಡಿರು ಒಬ್ಬೊಬ್ಬರಾಗಿ ತಮ್ಮ ತಮ್ಮ ಕಥೆ ಹೇಳುತ್ತಾರೆ. ಪ್ರತಿ ಕಥೆ ಮುಗಿದಾಗಲೂ ಉಳಿದವರೆಲ್ಲ ಅದನ್ನು ನಂಬಿ ಮೆಚ್ಚುತ್ತಾರೆ. ಕಿರಿಯವಳಾದ ಕುಂದಲತೆ ಮಾತ್ರ ಪ್ರತಿ ಸಲವೂ, ಇದು ಸುಳ್ಳು, ನಾನಿದನ್ನು ನಂಬುವುದಿಲ್ಲ ಎನ್ನುತ್ತಾಳೆ. ಹೊರಗೆ ನಿಂತ ಅರಸನಿಗೆ ಕೋಪ ಬರುತ್ತದೆ. ಮೊದಲ ಕಥೆ ನಡೆದದ್ದು ಅವನ ತಂದೆಯ ಆಳ್ವಿಕೆಯಲ್ಲಿ. ಅದು ನಿಜವೆಂದು ಅವನಿಗೆ ಗೊತ್ತು. ಗೊತ್ತಿರುವ ಸತ್ಯವನ್ನು ಇವಳು ಅಲ್ಲಗಳೆಯುತ್ತಾಳಲ್ಲ, ಬೆಳಗಾಗಲಿ, ಇವಳನ್ನು ದಂಡಿಸುವೆನೆಂದು ನಿಶ್ಚಯಿಸುತ್ತಾನೆ.

ಬೆಳಗಾಗುತ್ತದೆ. ಅರಸ ಭಟರನ್ನು ಕಳುಹಿಸುವುದಿಲ್ಲ. ಮಂತ್ರಿಯೊಡನೆ ತಾನೇ ಸೆಟ್ಟಿಯ ಮನೆಗೆ ಬಂದು, ನಂಬದವಳು ಯಾರೆಂದು ಕೇಳುತ್ತಾನೆ. ನಾನೇ ಎಂದು ಕುಂದಲತೆ ಮುಂದೆ ಬರುತ್ತಾಳೆ. ಅವಳ ವಿವರಣೆಯ ಸಾರವಿಷ್ಟು: ಇವರೆಲ್ಲ ಜೈನರಾಗಿ ಹುಟ್ಟಿದವರು, ಈ ಧರ್ಮದ ಮಹಿಮೆಯನ್ನು ಕಂಡವರು, ಕೇಳಿದವರು, ಅನುಭವಿಸಿದವರು, ಆದರೂ ಸಂಸಾರದ ಭೋಗವನ್ನು ಬಿಡಲಿಲ್ಲ. ನಾನು ಜೈನಳೂ ಅಲ್ಲ, ಜೈನರ ಮಗಳೂ ಅಲ್ಲ. ಕೇಳಿದಷ್ಟರಿಂದಲೇ ನನಗೆ ವೈರಾಗ್ಯ ಬಂದಿದೆ, ದೀಕ್ಷೆ ತೆಗೆದುಕೊಳ್ಳುತ್ತೇನೆ. ಬದುಕನ್ನು ಬದಲಿಸದ ಇವರ ನಂಬಿಕೆಯನ್ನು ನಾನು ಹೇಗೆ ನಂಬಲಿ?

ದಂಡಿಸಲು ಬಂದ ಅರಸ ಅವಳನ್ನು ಗೌರವಿಸುತ್ತಾನೆ. ಕೊನೆಗೆ ರಾಜ್ಯವನ್ನು ಮಗನಿಗೊಪ್ಪಿಸಿ ತಾನೂ ದೀಕ್ಷೆಗೆ ನಡೆಯುತ್ತಾನೆ.

ಶ್ರದ್ಧೆಯನ್ನೇ ವಸ್ತುವಾಗುಳ್ಳ ಕಾವ್ಯವೊಂದು ತನ್ನ ನಡುಮನೆಯಲ್ಲಿ ಒಬ್ಬ ಅವಿಶ್ವಾಸಿಯನ್ನು ಕೂಡಿಸಿಕೊಂಡು, ಎಂಟು ಸಲ ಅವಳಿಂದ ‘ಇಲ್ಲ’ ಎನ್ನಿಸುತ್ತದೆ. ಇದನ್ನು ಬರಿಯ ಕಥನತಂತ್ರವೆಂದು ತಳ್ಳಿಹಾಕುವವರಿದ್ದಾರೆ. ಕುಂದಲತೆ ಕೊನೆಗೆ ದೀಕ್ಷೆ ಪಡೆಯುವಳಾದ್ದರಿಂದ ಅವಳದು ನಿಜವಾದ ಅವಿಶ್ವಾಸವಲ್ಲವೆಂದೂ ವಾದಿಸಬಹುದು. ಆ ವಾದದಲ್ಲಿ ತಿರುಳಿದೆ. ಅವಳು ಇಂದಿನ ಅರ್ಥದ ನಾಸ್ತಿಕಳಲ್ಲ. ಆದರೆ ಬೆಳಗಿನ ತನಕ ಅರಸನಿಗಾಗಲಿ ನಮಗಾಗಲಿ ಅವಳ ಮನಸ್ಸು ತಿಳಿಯದು. ಅರಸನಿಗೆ ತಿಳಿದಿದ್ದುದು ಒಂದೇ: ಇವಳು ನಂಬುವುದಿಲ್ಲ. ಆ ರಾತ್ರಿಯೇ ಅವನು ದಂಡ ವಿಧಿಸಿದ್ದರೆ, ಆ ಮನೆಯಲ್ಲಿ ಧರ್ಮಕ್ಕೆ ಅತಿ ಹತ್ತಿರದಲ್ಲಿದ್ದವಳನ್ನೇ ಧರ್ಮದ ಹೆಸರಿನಲ್ಲಿ ದಂಡಿಸಿದಂತಾಗುತ್ತಿತ್ತು. ನಂಬಿಕೆಯನ್ನು ಕಾಯ್ದೆಯಿಂದ ಅಳೆಯಹೊರಟ ಆಳುವವನಿಗೆ ಒದಗುವ ಕಷ್ಟ ಇದೇ. ಅವನ ಕಿವಿಗೆ ಬೀಳುವುದು ಮಾತು; ಅವನು ದಂಡಿಸಬಯಸುವುದು ಮನಸ್ಸನ್ನು.

ಮಂಗರಸನ ಕಾಲದ ಚೆಂಗಾಳ್ವ ಅರಸರು ಶೈವನಿಷ್ಠರು, ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಅನ್ನದಾನಿ ಮಲ್ಲಿಕಾರ್ಜುನನ ಭಕ್ತರು. ಅವರ ಅಧೀನದಲ್ಲಿದ್ದ ಕಲ್ಲಹಳ್ಳಿಯ ಪ್ರಭು ಜೈನ. ಒಡೆಯನ ದೇವರು ಬೇರೆ, ಸಚಿವಕುಲದ ಧರ್ಮ ಬೇರೆ ಆಗಿದ್ದ ಆಸ್ಥಾನದ ನೆರಳಲ್ಲಿ, ಅವಿಶ್ವಾಸಿಯನ್ನು ದಂಡಿಸಹೊರಟು ತಡೆದು ನಿಂತ ಅರಸನ ಕಥೆಯನ್ನು ಕನ್ನಡಕ್ಕೆ ತರಲು ಆರಿಸಿಕೊಂಡದ್ದು ಆಕಸ್ಮಿಕವಿರಲಾರದೆಂಬುದು ನನ್ನ ಊಹೆ. ಊಹೆಯೆಂದೇ ಅದನ್ನು ಓದುಗರು ತೆಗೆದುಕೊಳ್ಳಬೇಕು.

ಈ ಸೀಮೆಯ ಜೈನ ಚರಿತ್ರೆಯನ್ನು ಅರಿತವರಿಗೆ ಆ ಊಹೆ ತೀರ ದೂರದ್ದೆನಿಸದು. ಕೆ.ಆರ್. ನಗರ ಸೀಮೆಯ ಚಿಕ್ಕಹನಸೋಗೆ ಒಂದು ಕಾಲಕ್ಕೆ 64 ಬಸದಿಗಳ ಕ್ಷೇತ್ರವೆಂದು ಹೆಸರಾಗಿತ್ತು. ಶ್ರೀರಾಮನೇ ಸ್ಥಾಪಿಸಿದನೆಂದು ಅಲ್ಲಿನ ಶಾಸನಗಳು ಹೇಳುವ ಬಸದಿಯನ್ನು ಹನ್ನೊಂದನೆಯ ಶತಮಾನದಲ್ಲಿ ಮತ್ತೆ ಕಟ್ಟಿಸಿದವನು ರಾಜೇಂದ್ರಚೋಳ ನನ್ನಿ ಚೆಂಗಾಳ್ವ. ಅಂದರೆ ಅದೇ ಚೆಂಗಾಳ್ವ ಮನೆತನ. ಇಂದು ಅಲ್ಲಿ ಉಳಿದಿರುವುದು ಆದಿನಾಥ, ಶಾಂತಿನಾಥ, ನೇಮಿನಾಥರ ತ್ರಿಕೂಟ ಬಸದಿ. ಪನಸೋಗೆ ಬಳಿಯ ಆಚಾರ್ಯಪರಂಪರೆ ಘಟ್ಟವಿಳಿದು ಕಾರ್ಕಳದಲ್ಲಿ ನೆಲೆಗೊಂಡಿತು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನಿಗೆ ಗುರುವಾದ ಲಲಿತಕೀರ್ತಿಗಳು ಈ ಪನಸೋಗೆಯ ಪರಂಪರೆಯವರು. ಇನ್ನೂ ಹಿಂದಕ್ಕೆ ಹೋದರೆ ಎಚ್.ಡಿ. ಕೋಟೆ ತಾಲ್ಲೂಕಿನ ಕಬಿನಿ ತೀರದ ಕಿತ್ತೂರು, ಎಂದರೆ ಪುನ್ನಾಟದ ಕೀರ್ತಿಪುರ, ನಮ್ಮ ಕಣ್ಣಿಗೆ ಬೀಳುತ್ತದೆ. ಆ ನಾಡಿನ ಹೆಸರು ಹೊತ್ತ ಪುನ್ನಾಟ ಸಂಘದ ಮುನಿಗಳು ಗುಜರಾತಿನವರೆಗೆ ನಡೆದರು; 783ರಲ್ಲಿ ‘ಹರಿವಂಶಪುರಾಣ’ವನ್ನು ಮುಗಿಸಿದ ಜಿನಸೇನರು ಆ ಸಂಘದವರು. (ಆದಿಪುರಾಣದ ಜಿನಸೇನರು ಬೇರೆ, ಇಬ್ಬರನ್ನೂ ಒಬ್ಬರೆಂದು ಬರೆಯುವುದು ಇಂದಿಗೂ ನಿಂತಿಲ್ಲ.) ರಾಜಾಶ್ರಯ ಬಂದದ್ದು, ಹೋದದ್ದು ಎರಡನ್ನೂ ಕಂಡ ನೆಲ ಇದು.

ಇನ್ನು ‘ನಾಸ್ತಿಕ’ ಎಂಬ ಪದದ ಮಾತು. ನಾಸ್ತಿಕತೆಯನ್ನು ನಿಷೇಧಿಸಬೇಕೆನ್ನುವವರು ಈ ಪದಕ್ಕೆ ಒಂದೇ ಅರ್ಥವಿದೆಯೆಂದು ಭಾವಿಸುತ್ತಾರೆ. ನಮ್ಮ ಶಾಸ್ತ್ರಪರಂಪರೆಯಲ್ಲಿ ಹಾಗಿಲ್ಲ. ಪಾಣಿನಿಯ ಸೂತ್ರವನ್ನು ವ್ಯಾಖ್ಯಾನಕಾರರು ವಿವರಿಸುವಂತೆ ಪರಲೋಕವಿಲ್ಲವೆಂದು ತಿಳಿಯುವವನು ನಾಸ್ತಿಕ. ಮನುಸ್ಮೃತಿಗೆ ವೇದವನ್ನು ನಿಂದಿಸುವವನು ನಾಸ್ತಿಕ. ಅಂಥವನನ್ನು ಸಜ್ಜನರು ಹೊರಗಿಡಬೇಕೆಂಬುದು ಅದರ ವಿಧಿ. ಜನಸಾಮಾನ್ಯರ ಬಳಕೆಯಲ್ಲಿ ದೇವರನ್ನು ಒಪ್ಪದವನು ನಾಸ್ತಿಕ. ಈ ಮೂರು ಅಳತೆಗೋಲುಗಳಲ್ಲಿ ಜೈನರನ್ನಿಟ್ಟು ನೋಡಿ. ಪರಲೋಕವನ್ನೂ ಕರ್ಮವನ್ನೂ ಮೋಕ್ಷವನ್ನೂ ಒಪ್ಪುವುದರಿಂದ ಮೊದಲನೆಯದರಲ್ಲಿ ಅವರು ಆಸ್ತಿಕರು. ವೇದಪ್ರಾಮಾಣ್ಯವನ್ನು ಒಪ್ಪದ್ದರಿಂದ ಎರಡನೆಯದರಲ್ಲಿ ನಾಸ್ತಿಕರು. ಮೂರನೆಯದರಲ್ಲಿ? ಜಗತ್ಕರ್ತನಾದ ಈಶ್ವರನನ್ನು ಒಪ್ಪುವುದಿಲ್ಲ, ಆದರೆ ಜಿನನನ್ನು ದೇವರೆಂದು ಪೂಜಿಸುತ್ತಾರೆ. ಇದನ್ನು ಯಾವ ನ್ಯಾಯಾಲಯ ತೀರ್ಮಾನಿಸಬೇಕು?

ಆದಿಪುರಾಣದ ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ, ಜಗತ್ತನ್ನು ಯಾರೋ ಒಬ್ಬನು ಸೃಷ್ಟಿಸಿದನೆಂಬ ವಾದವನ್ನು ಎಳೆಎಳೆಯಾಗಿ ಬಿಚ್ಚಿ ಖಂಡಿಸಿದ್ದಾರೆ. ಸೃಷ್ಟಿಗೆ ಮೊದಲು ಆ ಕರ್ತೃ ಎಲ್ಲಿದ್ದ, ಯಾವ ಸಾಮಗ್ರಿಯಿಂದ ಮಾಡಿದ, ಏನು ಬೇಕಾಗಿ ಮಾಡಿದ ಎಂದು ಅವರು ಎತ್ತುವ ಪ್ರಶ್ನೆಗಳ ಹರಿತವನ್ನು ಇಂದಿನ ವಿಚಾರವಾದಿಯೂ ಮೀರಿಸಲಾರ. ಈ ಆಚಾರ್ಯರು ಅಮೋಘವರ್ಷ ನೃಪತುಂಗನಿಗೆ ಗುರುಗಳು. ಇಂದು ನಾಸ್ತಿಕತೆಯ ನಿಷೇಧಕ್ಕೆ ಕಾನೂನು ಬೇಕೆನ್ನುವ ಜೈನ ಬಂಧುಗಳೂ ಇರಬಹುದು. ಇದ್ದರೆ ಅವರು ಆದಿಪುರಾಣದ ನಾಲ್ಕನೆಯ ಪರ್ವವನ್ನು ಓದುವುದೊಳಿತು. ಆ ಕಾನೂನಿನಡಿ ಮೊದಲು ಮುಟ್ಟುಗೋಲಾಗುವ ಗ್ರಂಥ ಯಾವುದೆಂದು ಆಗ ತಿಳಿದೀತು.

ಅರಸನ ಕರ್ತವ್ಯವೇನೆಂಬ ವಿಷಯದಲ್ಲೂ ಧರ್ಮಶಾಸ್ತ್ರಗಳು ಒಂದೇ ದನಿಯಲ್ಲಿ ಮಾತಾಡಿಲ್ಲ. ಜೂಜುಗಾರರು ಮೊದಲಾದವರೊಂದಿಗೆ ಪಾಷಂಡಮತದವರನ್ನೂ ಊರಿನಿಂದ ಹೊರಗಟ್ಟಬೇಕೆಂದು ಮನು ಹೇಳಿದರೆ, ವರ್ತಕರ ಹಾಗೂ ಶ್ರೇಣಿಗಳ ಕಟ್ಟಳೆಗಳಂತೆಯೇ ಪಾಷಂಡರ ಕಟ್ಟಳೆಗಳನ್ನೂ ಅರಸನು ಕಾಪಾಡಬೇಕೆಂದು ನಾರದಸ್ಮೃತಿ ಹೇಳುತ್ತದೆ. ಹತ್ತನೆಯ ಶತಮಾನದ ಸೋಮದೇವಸೂರಿ ತಮ್ಮ ‘ನೀತಿವಾಕ್ಯಾಮೃತ’ದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ದಿಗಂಬರ ಮುನಿಗಳಾದ ಅವರು ಅರಸನು ಲೋಕಾಯತವನ್ನು ತಿಳಿದಿರಬೇಕು, ಅದನ್ನು ಬಲ್ಲವನೇ ರಾಷ್ಟ್ರಕಂಟಕರನ್ನು ಕೀಳಬಲ್ಲನು ಎನ್ನುತ್ತಾರೆ. ಪರಲೋಕವಿಲ್ಲವೆನ್ನುವ ದರ್ಶನವನ್ನು ಮೋಕ್ಷಮಾರ್ಗಿಯಾದ ಮುನಿ ಅರಸನ ವಿದ್ಯೆಗಳಲ್ಲಿ ಸೇರಿಸುತ್ತಾರೆ! ಇಹದ ವ್ಯವಹಾರಕ್ಕೆ ಇಹವನ್ನೇ ನೋಡುವ ಕಣ್ಣು ಬೇಕೆಂಬುದು ಅವರ ತರ್ಕ. ಪಂಪನ ಆದಿಪುರಾಣದಲ್ಲೂ ಮಹಾಬಲ ರಾಜನ ನಾಲ್ವರು ಮಂತ್ರಿಗಳಲ್ಲಿ ಸ್ವಯಂಬುದ್ಧನೊಬ್ಬನೇ ಜೈನ. ಉಳಿದ ಮೂವರಲ್ಲಿ ಒಬ್ಬ ಚಾರ್ವಾಕವಾದಿ. ಸ್ವಯಂಬುದ್ಧ ಅವನನ್ನು ತರ್ಕದಿಂದ ಸೋಲಿಸುತ್ತಾನೆಯೇ ಹೊರತು ಮಂತ್ರಿಪದವಿಯಿಂದ ಇಳಿಸಿರೆಂದು ಅರಸನನ್ನು ಕೇಳುವುದಿಲ್ಲ.

ಇಷ್ಟನ್ನು ಹೇಳಿ ಜೈನರೆಲ್ಲ ಸಹಿಷ್ಣುತೆಯ ಮೂರ್ತಿಗಳೆಂದು ಬರೆದರೆ ಚರಿತ್ರೆಗೆ ಅನ್ಯಾಯವಾದೀತು. ಹನ್ನೆರಡನೆಯ ಶತಮಾನದ ಬ್ರಹ್ಮಶಿವನ ‘ಸಮಯಪರೀಕ್ಷೆ’ ಅನ್ಯಮತಗಳನ್ನು ಗೇಲಿಮಾಡುವ ರೀತಿ ಇಂದು ಓದಲು ಕಸಿವಿಸಿಯಾಗುವಂಥದು. ‘ಮಿಥ್ಯಾದೃಷ್ಟಿ’ ಎಂಬ ನಮ್ಮ ಪದವೂ ‘ನಾಸ್ತಿಕ’ ಎಂಬುದಕ್ಕಿಂತ ಮೆದುವಾದುದಲ್ಲ. ಆದರೆ ಬ್ರಹ್ಮಶಿವನ ಕೈಯಲ್ಲಿದ್ದುದು ಕಂಠ ಮಾತ್ರ. ಅನ್ಯಮತವನ್ನು ಹೀಯಾಳಿಸುವ ಕವಿಗೂ ಅದನ್ನು ಅಪರಾಧವೆಂದು ಸಾರುವ ಆಜ್ಞೆಗೂ ನಡುವೆ ಇರುವ ಅಂತರವನ್ನು ನಾವು ಮರೆಯಬಾರದು.

ಅರಸನೇ ಮತಗಳ ನಡುವೆ ತೀರ್ಪುಗಾರನಾಗಿ ನಿಂತರೆ ಏನಾಗುತ್ತದೆಂಬುದಕ್ಕೆ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ಸಾಕ್ಷಿ. ಏಕಾಂತದ ರಾಮಯ್ಯನು ಪಂಥ ಕಟ್ಟಿ ತಲೆಯನ್ನರಿದು ಮತ್ತೆ ಪಡೆದನೆಂದೂ, ಜಿನಬಿಂಬವನ್ನು ಒಡೆದನೆಂದೂ, ಜೈನರ ದೂರನ್ನು ಕೇಳಿದ ಬಿಜ್ಜಳನು ಮತ್ತೊಮ್ಮೆ ಪಂಥಕ್ಕೆ ಸಿದ್ಧರಿರುವಿರಾ ಎಂದು ಅವರನ್ನೇ ಕೇಳಿದನೆಂದೂ, ಅವರು ಹಿಂಜರಿಯಲು ರಾಮಯ್ಯನಿಗೆ ಜಯಪತ್ರ ಕೊಟ್ಟನೆಂದೂ ಅದು ಹೇಳುತ್ತದೆ. ಪವಾಡದ ಮಾತು ಭಕ್ತರಿಗಿರಲಿ. ಒಡೆದ ಬಿಂಬದ ದೂರು ಹೊತ್ತು ಬಂದವರಿಗೆ ದೊರೆತದ್ದು ದೂರಿನ ಇತ್ಯರ್ಥವಲ್ಲ, ಯಾವ ದೈವ ದೊಡ್ಡದೆಂಬ ತೀರ್ಪು. ಜಯಪತ್ರವನ್ನು ಬರೆಯುವ ಕೈ ರಾಜ್ಯದ್ದಾದಾಗ ಸೋತವರಿಗೆ ಮೊರೆಯಿಡಲು ಬೇರೆ ಬಾಗಿಲು ಉಳಿಯುವುದಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವುದು ಶ್ರವಣಬೆಳಗೊಳದ ಭಂಡಾರಿ ಬಸದಿಯ 1368ರ ಶಾಸನ. ಇದನ್ನು ಮತಸೌಹಾರ್ದದ ಶಾಸನವೆಂದು ಭಾಷಣಗಳಲ್ಲಿ ಉಲ್ಲೇಖಿಸುವುದುಂಟು; ಅದರ ವಿವರಗಳನ್ನು ಓದುವವರು ಕಡಿಮೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಜೈನರು, ಭಕ್ತರಿಂದ ಅಂದರೆ ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಬುಕ್ಕರಾಯನಿಗೆ ಬಿನ್ನಹ ಮಾಡಿದರು. ಬುಕ್ಕರಾಯ ಹದಿನೆಂಟು ನಾಡುಗಳ ಶ್ರೀವೈಷ್ಣವರ ಕೈಯಲ್ಲಿ ಜೈನರ ಕೈಯನ್ನಿಡಿಸಿ, ವೈಷ್ಣವದರ್ಶನಕ್ಕೂ ಜೈನದರ್ಶನಕ್ಕೂ ಭೇದವಿಲ್ಲವೆಂದನು. ಜೈನರಿಗೆ ಹಿಂದಿನಂತೆ ಪಂಚಮಹಾವಾದ್ಯಗಳೂ ಕಲಶವೂ ಸಲ್ಲಬೇಕು. ಅಲ್ಲಿಗೇ ನಿಲ್ಲಿಸಿದ್ದರೆ ಅದು ಒಳ್ಳೆಯ ಮಾತಾಗಿ ಉಳಿಯುತ್ತಿತ್ತು. ಆದರೆ ಶಾಸನ ಮುಂದುವರಿಯುತ್ತದೆ: ಜೈನರು ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಕೊಡಬೇಕು, ಆ ಹಣದಿಂದ ತಿರುಮಲೆಯ ತಾತಯ್ಯ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣಬಣ್ಣ ಆಗಬೇಕು. ಯಾರ ಮೇಲೆ ದೂರಿತ್ತೋ ಆ ಪಕ್ಷದ ಹಿರಿಯರಿಗೇ ಕಾವಲಿನ ಹೊಣೆ!

ಬುಕ್ಕರಾಯನನ್ನು ಆಧುನಿಕ ಜಾತ್ಯತೀತವಾದಿಯೆಂದು ಚಿತ್ರಿಸುವುದು ಸಲ್ಲದು. ಕಾವಲಿನ ವೆಚ್ಚ ಜೈನರ ಮೇಲೆಯೇ ಬಿತ್ತೆಂಬುದನ್ನೂ ಮರೆಯಬೇಕಾಗಿಲ್ಲ. ಆದರೂ ಎರಡು ದರ್ಶನಗಳಲ್ಲಿ ಯಾವುದು ಸತ್ಯವೆಂಬ ಪ್ರಶ್ನೆಯನ್ನು ಅವನು ಕೈಗೆತ್ತಿಕೊಳ್ಳಲೇ ಇಲ್ಲ. ವಾದ್ಯ, ಕಲಶ, ಹಣ, ಆಳು, ಸುಣ್ಣ: ಅವನು ಮುಟ್ಟಿದ್ದು ಇವನ್ನು. ಮನುವಿನ ಅಳತೆಯಲ್ಲಿ ನಾಸ್ತಿಕರಾದವರ ದೇವರಿಗೆ ಆಸ್ತಿಕರಿಂದ ಕಾವಲು ಕೊಡಿಸಿದನು. ಸಾಲಿಗ್ರಾಮದಲ್ಲಿ ಇಂದಿಗೂ ರಾಮಾನುಜರ ಸನ್ನಿಧಿಯೂ ಜೈನರ ಬಸದಿಗಳೂ ಒಂದೇ ಊರಿನೊಳಗೆ ಇರುವುದನ್ನು ಕಂಡವರಿಗೆ ಈ ಬಗೆಯ ವ್ಯವಸ್ಥೆ ಹೊಸತೆನಿಸದು.

ಈ ವಿವೇಕ ಇಂದಿನ ಕಾನೂನಿನಲ್ಲಿ ಬೇರೆ ರೂಪದಲ್ಲಿದೆ. ಸಂವಿಧಾನದ 25ನೆಯ ಅನುಚ್ಛೇದ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಮೊದಲು ಹೇಳಿ, ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಅನಂತರ ಹೇಳುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳ ಮಿತಿಯೂ ಅಲ್ಲೇ ಇದೆ. ಕರ್ನಾಟಕವು 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಅಧಿನಿಯಮವನ್ನು ಮಾಡಿದಾಗ, ಆಸ್ತಿಕರ ನಂಬಿಕೆಯನ್ನೇ ನಿಷೇಧಿಸುತ್ತಾರೆಂಬ ಕೂಗೆದ್ದಿತು. ಅಧಿನಿಯಮದ ಪಟ್ಟಿಯಲ್ಲಿರುವುದು ಕೃತ್ಯಗಳು. ದೆವ್ವವಿದೆಯೆಂದು ನಂಬುವುದು ಅಪರಾಧವಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಒಬ್ಬ ಹೆಣ್ಣುಮಗಳನ್ನು ಹೊಡೆಯುವುದು ಅಪರಾಧ. ನಾಸ್ತಿಕನಿಗೂ ಅದೇ ನ್ಯಾಯ. ದೇವರಿಲ್ಲವೆಂದು ಅವನು ಹೇಳಬಹುದು; ಬಸದಿಯ ಬಾಗಿಲನ್ನು ಒಡೆಯುವಂತಿಲ್ಲ.

ನಿಷೇಧದ ಕಾನೂನು ಇಲ್ಲವೆಂದ ಮಾತ್ರಕ್ಕೆ ಪ್ರಶ್ನಿಸುವವನು ಸುರಕ್ಷಿತನಲ್ಲವೆಂಬುದನ್ನು ನಾವು ಕಂಡಿದ್ದೇವೆ. ಶಾಸನ, ವಚನ, ಜೈನ ಸಾಹಿತ್ಯಗಳಲ್ಲಿ ದುಡಿದ ಡಾ. ಎಂ.ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಅವರ ನಿಲುವುಗಳೆಲ್ಲವನ್ನೂ ಒಪ್ಪಿದವರಿಗಿಂತ ಒಪ್ಪದವರೇ ಹೆಚ್ಚಿದ್ದಿರಬಹುದು. ಅವರೊಡನೆ ವಾದಿಸಲು ಹಲವು ದಾರಿಗಳಿದ್ದವು. ಬೆಳಗೊಳದ ಶಾಸನದ ಇಪ್ಪತ್ತು ಆಳುಗಳು ಇಂಥಲ್ಲಿ ನೆನಪಾಗುತ್ತಾರೆ. ನಂಬಿಕೆಯನ್ನು ವ್ಯಕ್ತಿಗೆ ಬಿಟ್ಟ ರಾಜ್ಯವು ಆ ವ್ಯಕ್ತಿಯ ಜೀವದ ಕಾವಲನ್ನೂ ಹೊರಬೇಕಾಗುತ್ತದೆ.

ಸಂವಿಧಾನ ರಚನಾಸಭೆಯಲ್ಲೂ ಈ ಪ್ರಶ್ನೆ ಒಮ್ಮೆ ನೇರವಾಗಿ ಮತಕ್ಕೆ ಬಂದಿತ್ತು. 1949ರ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ ಜನಿಸಿದ ಎಚ್.ವಿ. ಕಾಮತರು ಪ್ರಸ್ತಾವನೆಯು ದೇವರ ಹೆಸರಿನಿಂದ ಆರಂಭವಾಗಬೇಕೆಂದು ತಿದ್ದುಪಡಿ ಮಂಡಿಸಿದರು. ದೇವರೆನ್ನುವ ಬದಲು ದೇವಿಯೆನ್ನಬಾರದೇಕೆ ಎಂದು ಕಾಮರೂಪದಿಂದ ಬಂದ ರೋಹಿಣಿಕುಮಾರ ಚೌಧುರಿಯವರು ಕೇಳಿದರು. ಪ್ರಶ್ನೆ ವಿನೋದದಂತೆ ಕಂಡರೂ ಅದರ ಮೊನೆ ಚೂಪಾದುದು. ತಾವು ಸ್ವತಃ ಆಸ್ತಿಕರಾಗಿದ್ದ ಪಟ್ಟಂ ತಾಣು ಪಿಳ್ಳೆಯವರು, ಇದು ಶ್ರದ್ಧೆಯ ವಿಷಯದಲ್ಲಿ ಬಲಾತ್ಕಾರವಾಗುತ್ತದೆಂದು ವಿರೋಧಿಸಿದರು. ಹೃದಯನಾಥ ಕುಂಜ್ರು ಅವರೂ ಒಪ್ಪಲಿಲ್ಲ. ಕಾಮತರು ಮತವಿಭಜನೆಗೆ ಪಟ್ಟು ಹಿಡಿದರು. ಪರವಾಗಿ 41, ವಿರುದ್ಧವಾಗಿ 68. ವಿರುದ್ಧ ಮತ ಕೊಟ್ಟವರಲ್ಲಿ ಬಹುಮಂದಿ ಮನೆಯಲ್ಲಿ ದೇವರ ದೀಪ ಹಚ್ಚುವವರೇ ಆಗಿದ್ದಿರಬೇಕು.

ಅದೇ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಪ್ರಮಾಣವಚನಕ್ಕೆ ಎರಡು ರೂಪಗಳಿವೆ: ದೇವರ ಹೆಸರಿನಲ್ಲಿ ಪ್ರಮಾಣ ಮಾಡುವುದು, ಇಲ್ಲವೆ ಸತ್ಯನಿಷ್ಠೆಯಿಂದ ದೃಢೀಕರಿಸುವುದು. ಜಗತ್ಕರ್ತನನ್ನು ಒಪ್ಪದ ಒಬ್ಬ ಜೈನ ಶಾಸಕ ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದರೆ ಅವನ ಮನಸ್ಸಿನಲ್ಲಿರುವ ದೇವರು ಯಾರೆಂದು ಸಭಾಧ್ಯಕ್ಷರು ಕೇಳುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಿಂದ ಆಯ್ಕೆಯಾಗಿ ಹೋಗುವವರ ಮುಂದೆಯೂ ಪ್ರತಿ ಸಲ ಈ ಎರಡು ರೂಪಗಳಿರುತ್ತವೆ; ಯಾವುದನ್ನಾದರೂ ಆರಿಸಿಕೊಳ್ಳಬಹುದು, ಕಾರಣವನ್ನು ಹೇಳಬೇಕಾಗಿಲ್ಲ.